ಕೊನೆಯ ಬೋಗಿಯ ಕಿಟಕಿ

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಈ ಪತ್ರ ನನ್ನ ಬ್ಯಾಗಿನಲ್ಲೇ ಇರುತ್ತದೆ.

ಇಂಟರ್ನ್‌ಶಿಪ್‌ಗೆಂದು ಜಪಾನಿನ ಈ ಸಣ್ಣ ಊರಿಗೆ ಬಂದು ಎರಡು ತಿಂಗಳು. ಕುಕ್ಕರಿನ ಗುಂಡಿಗಳ ಮೇಲಿನ ಬರಹ ಓದಲು ಬಾರದಿದ್ದರೂ ಅನ್ನ ಈಗ ಸರಿಯಾಗಿ ಆಗುತ್ತದೆ. ಲ್ಯಾಬಿಗೆ ದಿನವೂ ರೈಲಿನಲ್ಲಿ ಹೋಗುತ್ತೇನೆ. ಇವತ್ತು ರೈಲು ತಪ್ಪಿತು. ನನ್ನ ಕಣ್ಣೆದುರೇ ಅದು ಮಂಜಿನೊಳಗೆ ತೇಲಿಕೊಂಡು ಹೊರಟಿತು. ಕೊನೆಯ ಬೋಗಿಯ ಕಿಟಕಿಯಿಂದ ಬಿಳಿ ಕೈಗವಸಿನ ಗಾರ್ಡ್ ಹೊರಗೆ ಬಾಗಿ ಪ್ಲಾಟ್‌ಫಾರ್ಮ್ ನೋಡುತ್ತಿದ್ದ. ನನಗೇ ತಿಳಿಯದಂತೆ ಕೈ ಎತ್ತಿದೆ. ಅವನು ತಲೆಬಾಗಿಸಿದ. ಮಂಜು ಅವನನ್ನು ಮುಚ್ಚಿದ ಮೇಲೂ ನಾನು ಕೈ ಬೀಸುತ್ತಲೇ ಇದ್ದೆ.

ಹೈದರಾಬಾದಿನಲ್ಲಿ ನೀವೂ ಹೀಗೆಯೇ ಗಾಡಿಯ ಕೊನೆಯಲ್ಲಿ ಹಸಿರು ಬಾವುಟ ಹಿಡಿದು ನಮ್ಮ ಮಲ್ಕಾಜ್‌ಗಿರಿ ಸ್ಟೇಷನ್ ದಾಟುತ್ತಿದ್ದಿರಿ. ನಾನು ಕಾಲೇಜು ಸೇರಿದ ವರ್ಷ, ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ಗೆಳತಿಯರ ಜೊತೆ ನಿಂತಿದ್ದಾಗ, ನೀವು ಇನ್ನೊಂದು ಕೈ ಎತ್ತಿ "ಭಕ್ತೀ" ಎಂದು ಕೂಗಿದಿರಿ. ನಾನು ಮೊಬೈಲ್ ನೋಡುತ್ತ ನಿಂತೆ.

ಸಂಜೆ ಚಹಾ ಕುಡಿಯುತ್ತ ನೀವೇ ಅಂದಿರಿ: "ಮಂದಿ ಗದ್ದಲ ಭಾಳ ಇತ್ತು ಬಿಡವಾ, ನಿನಗ ಕೇಳಿಸಿರಲಿಕ್ಕಿಲ್ಲ."

ನಾನು ಹೂಂ ಅಂದೆ. ಆಮೇಲೆ ನೀವು ಗಾಡಿಯಿಂದ ನನ್ನನ್ನು ಕೂಗಲೇ ಇಲ್ಲ.

ಅಪ್ಪಾ, ಅವತ್ತು ಪ್ಲಾಟ್‌ಫಾರ್ಮಿನಲ್ಲಿ ನಾವು ಮೂವರೇ ಇದ್ದೆವು.