ಗೋಡೆ ಇಪ್ಪತ್ಮೂರಕ್ಕೆ ಮುಗಿಯುವುದಿಲ್ಲ

ನವೆಂಬರ್ 3, ಬೆಳಿಗ್ಗೆ 7
ಟ್ರೈಪಾಡ್ ಕಾಲು ಮತ್ತೆ ಜಾರಿತು. ಊರಿನ ಹಳೇ ಹೆಬ್ಬಾಗಿಲು, ಮೀನುಬಾಗಿಲಿನ ಕಮಾನು ಅಂತೂ ಕ್ಯಾಮೆರಾಕ್ಕೆ ಸಿಕ್ಕಿತು, ಹಾಳು ಸೈಕಲ್ಲುಗಳು ಅಡ್ಡ ಬರುವ ಮೊದಲು. ಇನ್ನು ಕೋಟೆಗೋಡೆ. ಅದನ್ನೇ ಹಿಂಗೋಡೆ ಮಾಡಿಕೊಂಡು ಕಟ್ಟಿದ ಮನೆಗಳ ಸಾಲು ನಮ್ಮದು.
ನಿನ್ನೆ ನಗರಸಭೆಯ ಫಾನ್ ಡೆಲ್ಡನ್ ಅಂದದ್ದು ಇನ್ನೂ ಕಿವಿಯಲ್ಲಿದೆ: "ಗೋಡೆ ಇಪ್ಪತ್ಮೂರನೇ ಮನೆಗೇ ಮುಗೀತದೆ ಮೇಡಂ. ಆಮೇಲಿನದು ಬರೀ ಹಳೇ ಮನೆ. ಕೆಡವಿದ್ರೆ ಏನಾಯ್ತು?" ಪಾರ್ಕಿಂಗ್ ಬೇಕಂತೆ. ನನ್ನ ಮನೆ ಇಪ್ಪತ್ತೇಳು. ಏಳುನೂರು ವರ್ಷದ ಆ ಗೋಡೆಗೆ ಒರಗಿಯೇ ಊಟ ಮಾಡುತ್ತೇನೆ. ನನಗೇ ಹೇಳುತ್ತಾನೆ.
ಹದಿನಾಲ್ಕನೇ ತಾರೀಖು ನಗರಸಭೆಯಲ್ಲಿ ವಿಚಾರಣೆ. ಇಪ್ಪತ್ನಾಲ್ಕರಿಂದ ಇಪ್ಪತ್ತೊಂಬತ್ತರ ಬುರುಜಿನವರೆಗೆ, ಒಂದು ಮನೆಯೂ ಬಿಡದೆ ಗೋಡೆಯ ಫೋಟೋ ಬೇಕಂತೆ. ತರುತ್ತೇನೆ.

ನವೆಂಬರ್ 8
ನನ್ನದೂ ಸೇರಿ ಐದು ಮನೆಯ ಫೋಟೋ ಆಯಿತು. ಗೋಡೆ ಒಂದು ಕಡೆ ಬಟ್ಟೆಯ ಕಪಾಟಿನ ಹಿಂದೆ, ಇನ್ನೊಂದು ಕಡೆ ಒಲೆಯ ಪಕ್ಕ. ಎಲ್ಲೆಲ್ಲೂ ಅದೇ ದಪ್ಪ ಇಟ್ಟಿಗೆ. ಎಲ್ಲೆಲ್ಲೂ ಒಂದು ಕಾಫಿ, ಒಂದೇ ಬಿಸ್ಕತ್ತು, ತಕ್ಷಣ ಡಬ್ಬಿ ಮುಚ್ಚು.
ಉಳಿದದ್ದು ಇಪ್ಪತ್ತೆಂಟು. ವುಬ್ಬೊ. ನನ್ನ ತಮ್ಮ. ಅಮ್ಮನನ್ನು ಮಣ್ಣು ಮಾಡಿದ ದಿನ ಜಗಳ... ಪಕ್ಕದ ಮನೆ, ಹನ್ನೊಂದು ವರ್ಷ ಮಾತಿಲ್ಲ. ಅವನ ಬಾಗಿಲು ತಟ್ಟುವುದಿಲ್ಲ. ಗೋಡೆ ಹೋದರೂ ಸರಿ.

ನವೆಂಬರ್ 12
ಸರಿಯಲ್ಲ. ತಟ್ಟಿದೆ.
"ಏನು?" ಅಂದ.
"ನಿನ್ನ ಗೋಡೆ ಬೇಕು ಕಣೋ. ನೀನು ಬೇಡ."
"ಕಕ್ಕಸಲ್ಲಿದೆ. ಕಾಲು ಒರಸ್ಕೊಂಡು ಬಾ."
ಒಳಗೆ ಟ್ರೈಪಾಡ್ ಬಿಚ್ಚಲೂ ಜಾಗವಿಲ್ಲ. ಈ ಊರಿನ ಎಲ್ಲರ ಮನೆಯ ಕಕ್ಕಸಿನಂತೆ ಅಲ್ಲೇ ಗೋಡೆಗೆ ಹುಟ್ಟುಹಬ್ಬದ ಕ್ಯಾಲೆಂಡರ್, ನಮ್ಮವರ ಹೆಸರು ತಾರೀಖಿನ ಮುಂದೆ ಬರೆದು ವರ್ಷಗಟ್ಟಲೆ ಹಾಗೇ ಬಿಡುವಂಥದ್ದು. ತೆಗೆಯಲು ಕೈ ಹಾಕಿದೆ. ನವೆಂಬರ್ 14, ಹಿಲ್ಲಿ. ನಾನು. ಹೆಸರಿನ ಮೇಲೆ ಶಾಯಿಯಲ್ಲಿ ಗೀಟು ಎಳೆದಿದ್ದಾನೆ. ಕೆಳಗೆ ಪೆನ್ಸಿಲಿನಲ್ಲಿ ಮತ್ತೆ ಬರೆದಿದ್ದಾನೆ.
ಕಕ್ಕಸಿನಲ್ಲಿ ನಿಂತು ಅತ್ತೆ.
"ಇನ್ನೂ ಆಗ್ಲಿಲ್ವಾ ಅಕ್ಕ?"
"ಬೆಳಕು ಸಾಲ್ದು. ಸುಮ್ನಿರು."
ಕ್ಯಾಲೆಂಡರ್ ತೆಗೆಯಲಿಲ್ಲ. ಹಾಗೆಯೇ ಕ್ಲಿಕ್ ಮಾಡಿದೆ.

ನವೆಂಬರ್ 14, ಸಂಜೆ 5
ಫಾನ್ ಡೆಲ್ಡನ್ ಆರೂ ಫೋಟೋ ಸಾಲಾಗಿ ಇಟ್ಟು ನೋಡಿದ. ಐದನೆಯದರ ಹತ್ತಿರ ಮೂಗು ಮುರಿದ. "ಕ್ಯಾಲೆಂಡರ್ ಅಡ್ಡ ಇದೆ. ತೆಗೆದು ಇನ್ನೊಂದು ಹೊಡ್ಕೊಂಡು ಬನ್ನಿ."
"ತೆಗೆಯಲ್ಲ. ಸುತ್ತ ಇಟ್ಟಿಗೆ ಕಾಣ್ತದಲ್ಲ, ಎಣಿಸ್ಕೊಳ್ಳಿ."
ಎಣಿಸಿದ. ಗೋಡೆ ಬುರುಜಿನವರೆಗೂ ಇದೆ ಎಂದು ಅವನ ಕೈಯಲ್ಲೇ ಬರೆಸಿಕೊಂಡು ಬಂದೆ.
ಹುಟ್ಟುಹಬ್ಬದ ಕೇಕ್ ಎರಡು ತುಂಡು ಮಾಡಿಟ್ಟಿದ್ದೇನೆ. ವುಬ್ಬೊನನ್ನು ಕರೆದಿಲ್ಲ, ಕರೆಯುವುದೂ ಇಲ್ಲ. ಈ ಊರಲ್ಲಿ ಕರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಒಡಹುಟ್ಟಿದವರಾದರೂ. ನನಗೇನು. ಎರಡೂ ನಾನೇ ತಿನ್ನುತ್ತೇನೆ.
ಪಕ್ಕದ ಮನೆಯ ಬಾಗಿಲು ಹಾಕಿದ ಸದ್ದು. ಅವನ ಕೆಮ್ಮು. ನನ್ನ ಮೆಟ್ಟಿಲ ಮೇಲೆ ಕಾಲು ಒರಸಿಕೊಳ್ಳುತ್ತಿ—