ಎಣ್ಣೆ ಬಿಟ್ಟ ಸ್ಕ್ರೂ

ಲೇಡೀಸ್ ಹಾಸ್ಟೆಲ್, ಚನ್ನಗಿರಿ
4–11–1986

ಅಪ್ಪಾಜಿ,

ತೀರ್ಥರೂಪರಾದ ತಂದೆಯವರಿಗೆ ಎಂದು ಬರೆದ ಹಾಳೆಯನ್ನು ಹರಿದು ಹಾಕಿದೆ. ಇವತ್ತು ಆ ಮಾತು ಬರುತ್ತಿಲ್ಲ. ಸಿಟ್ಟಿನಲ್ಲಿದ್ದೇನೆ. ಈ ಕಾಗದವನ್ನು ಅಮ್ಮನ ಕೈಗೆ ಕೊಟ್ಟು ಗಿರಣಿಗೆ ಹೋಗಬೇಡಿ. ನೀವೇ ಕೂತು ಓದಿ.

ಶನಿವಾರ ರಾಜ್ಯೋತ್ಸವದ ಸ್ಟೇಜಿನ ಮೇಲೆ ಏನಾಯಿತೆಂದು ನೀವು ನೋಡಿದ್ದೀರಿ. ನನಗೆ ಏನಾಯಿತೆಂದು ನೋಡಿಲ್ಲ. ಫಸ್ಟ್ ಪಿಯುಸಿಯವಳು ನಾನು. ಇಡೀ ಕಾಲೇಜಿನಲ್ಲಿ ಗಿಟಾರ್ ಹಿಡಿದ ಹುಡುಗಿ ನಾನೊಬ್ಬಳೇ. ಚೆನ್ನಾಗಿ ನುಡಿಸಿದರೆ ಹೊನ್ನಾಳಿಯ ಅಂತರಕಾಲೇಜು ಸ್ಪರ್ಧೆಗೆ ಕಳಿಸುತ್ತೇನೆಂದು ನಮ್ಮ ಕಲ್ಚರಲ್ ಸೆಕ್ಷನ್ನಿನ ಅಂಜಿನಪ್ಪ ಸರ್ ಹೇಳಿದ್ದರು. ಹೇಗೋ ಮೊದಲ ಚರಣ ಮುಗಿಯಿತು. ಆಗ ಹೆಗಲು ಇದ್ದಕ್ಕಿದ್ದಂತೆ ಹಗುರಾಯಿತು. ಹೆಗಲಪಟ್ಟಿ ಸಿಕ್ಕಿಸುವ ಗುಂಡಿ, ಸ್ಕ್ರೂ ಸಮೇತ, ಗಿಟಾರಿನ ಬುಡದಿಂದ ಕಳಚಿಕೊಂಡಿತ್ತು. ಗಿಟಾರ್ ಮೈಕಿಗೆ ಬಡಿದು ನೆಲಕ್ಕೆ ಬಿತ್ತು. ಆ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು.

ಅಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನೀವೂ ಅಮ್ಮನೂ ಬಂದಿರುವುದೇ ನನಗೆ ಗೊತ್ತಿರಲಿಲ್ಲ. ಕೊನೆಯ ಸಾಲಿನಿಂದ ಎದ್ದು, ತೋಳಿನ ಮೇಲೆ ಹಿಟ್ಟು ಹಾಗೇ ಇರುವಾಗ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತಾ ಸ್ಟೇಜ್ ಹತ್ತಿದಿರಿ. “ಏ ತಡೀರಪ್ಪಾ, ಒಂದೀಟು ಬಿಗಿ ಮಾಡಿದ್ರೆ ಆತು” ಎನ್ನುತ್ತಾ, ಅನೌನ್ಸ್ ಮಾಡುತ್ತಿದ್ದ ಹುಡುಗನನ್ನು ಪಕ್ಕಕ್ಕೆ ತಳ್ಳಿದಿರಿ. ಮೈಕ್ ಆನ್ ಇತ್ತು ಅಪ್ಪಾಜಿ! “ಆಯುಧಪೂಜೆಗೆ ನಾನೇ ಬಿಚ್ಚಿ ಹರಳೆಣ್ಣೆ ಬಿಟ್ಟು ಕುಂದರ್ಸಿದ್ದೆ. ಅದೆಂಗೆ ಸಡ್ಲಾತು?” ಇಡೀ ಹಾಲ್ ನಕ್ಕಿತು. “ಯಜಮಾನ್ರೇ, ಹಂಗೇ ನಮ್ದೂ ಒಂದೀಟು ಜೋಳ ಬೀಸಿ ಕೊಡ್ರಿ” ಎಂದು ಹಿಂದಿನಿಂದ ಯಾರೋ ಕೂಗಿದರು. ಈಗ ಕಾಲೇಜಿನಲ್ಲಿ ನನ್ನ ಹೆಸರು ‘ಗಿರಣಿ ಗಿಟಾರ್’.

ಗಿರಣಿಯ ಬೇರಿಂಗಿಗೆ ಎಣ್ಣೆ ಬೇಕು, ಅದು ತಿರುಗುವ ವಸ್ತು. ಈ ಸ್ಕ್ರೂ ತಿರುಗಬಾರದು! ಮರವನ್ನು ಕಚ್ಚಿಕೊಂಡು ಸುಮ್ಮನೆ ನಿಲ್ಲುವುದೇ ಅದರ ಕೆಲಸ. “ಎಣ್ಣೆ ಕಾಣದ ಕಬ್ಬಿಣಕ್ಕೆ ಎಲ್ಲೀದು ಹಬ್ಬ” ಎನ್ನುತ್ತಾ ಪ್ರತಿ ವರ್ಷ ಚಿಲಕ, ಸೈಕಲ್ಲು, ಅಮ್ಮನ ಹೊಲಿಗೆ ಮಷೀನು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಎಣ್ಣೆ ಕುಡಿಸುತ್ತೀರಿ. ಕುಡಿಸಿ. ನನ್ನದನ್ನು ಮುಟ್ಟುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?

ನೀವು ಸ್ಟೇಜಿನ ಮೇಲೆ ಬಿಗಿ ಮಾಡಿದ್ದು ಹಾಸ್ಟೆಲ್ ಮುಟ್ಟುವಷ್ಟರಲ್ಲಿ ಮತ್ತೆ ಅಲ್ಲಾಡುತ್ತಿತ್ತು. ಭಾನುವಾರ ನಾನೇ ಬಿಚ್ಚಿದೆ. ವಾರ್ಡನ್ ಹತ್ತಿರ ಗಾಯಕ್ಕೆ ಹಚ್ಚುವ ಸ್ಪಿರಿಟ್ ಬೇಡಿ ತಂದು, ಹತ್ತಿ ಸುತ್ತಿದ ಕಡ್ಡಿಯಿಂದ ತೂತಿನ ಎಣ್ಣೆಯನ್ನು ತೆಗೆದೆ. ತೆಗೆದಷ್ಟೂ ಬಂತು, ಎಷ್ಟು ಸುರಿದಿದ್ದೀರಿ! ಮದ್ದು ಮುರಿದ ಬೆಂಕಿಕಡ್ಡಿಗಳನ್ನು ಗೋಂದಿನಲ್ಲಿ ಅದ್ದಿ ತೂತಿಗೆ ತುಂಬಿದೆ. ಒಂದು ದಿನ ಒಣಗಲು ಬಿಟ್ಟು ಆಮೇಲೆ ಸ್ಕ್ರೂ ತಿರುಗಿಸಿದೆ. ಪಟ್ಟಿ ಜಾರದಂತೆ ಗುಂಡಿಯ ಕುತ್ತಿಗೆಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರ ಹಾಕಿದೆ. ಈಗ ಗಟ್ಟಿ ಇದೆ. ಆದರೂ ಟೆನ್ಷನ್. ಊಟದ ನಡುವೆ ಎದ್ದು ಹೋಗಿ ಎಳೆದು ನೋಡಿ ಬರುತ್ತೇನೆ.

ಎಣ್ಣೆಯ ಸಿಟ್ಟು ಇಷ್ಟು. ಇನ್ನೊಂದಿದೆ.

ಹೈಸ್ಕೂಲಿಗೆ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ, ಅಲ್ಲಿನ ಮ್ಯೂಸಿಕ್ ಮಿಸ್ ಕೆಲಸ ಬಿಟ್ಟು ಹೋಗುವಾಗ ಕೊಟ್ಟ ಈ ಗಿಟಾರನ್ನು ಬಸವಾಪಟ್ಟಣಕ್ಕೆ ತಂದ ದಿನ ನೀವು ಏನಂದಿರಿ, ನೆನಪಿದೆಯೇ? “ಹೆಣ್ಣುಡುಗಿ ಕೊಳ್ಳಾಗೆ ಪಟ್ಟಾ ಹಾಕ್ಕೊಂಡು ನಿಂತ್ರೆ ಜನ ಏನಂತಾರೆ? ಇದು ನನ್ನ ಕಣ್ಣಿಗೆ ಬೀಳಬಾರ್ದು.” ಬೀಳದಂತೆ ನೋಡಿಕೊಂಡೆ. ಒಳಕೋಣೆಯ ಮಂಚದಡಿ ಖಾಲಿ ಚೀಲ ಹೊದಿಸಿ ಇಟ್ಟೆ. ರಜೆಗೆ ಬಂದಾಗಲೆಲ್ಲ, ಪಕ್ಕದಲ್ಲಿ ಗಿರಣಿ ಓಡುವಾಗ ಮಾತ್ರ, ಆ ಸದ್ದಿನ ಮರೆಯಲ್ಲಿ ನುಡಿಸಿದೆ. ಕರೆಂಟ್ ಹೋಗಿ ಗಿರಣಿ ನಿಂತರೆ ನನ್ನ ಬೆರಳು ತಂತಿಯ ಮೇಲೇ ಹೆಪ್ಪುಗಟ್ಟುತ್ತಿತ್ತು. ಕಳ್ಳಿಯ ಹಾಗೆ ಕಲಿತೆ ನಾನು. ಈ ಸಲ ಹಬ್ಬ ಮುಗಿದ ಮೇಲೆ ಅದೇ ಚೀಲದಲ್ಲಿ ಸುತ್ತಿ ಇಲ್ಲಿಗೆ ತಂದದ್ದೂ ಹಾಗೆಯೇ.

ಶನಿವಾರ ನೀವು ಮುಖ ಸಣ್ಣ ಮಾಡಿಕೊಂಡು ಬಸ್ಸಿನ ಕಡೆ ನಡೆದ ಮೇಲೆ ಅಮ್ಮ ಹಾಸ್ಟೆಲ್ ಗೇಟಿನಲ್ಲಿ ನಿಂತು ಬಾಯಿಬಿಟ್ಟಳು. ಹಬ್ಬಕ್ಕೆ ನಾನು ನ್ಯಾಮತಿಯ ಶಿವಗಂಗಮ್ಮಜ್ಜಿಯ ಮನೆಗೆ ಹೋಗಿದ್ದಾಗ ಗಿಟಾರನ್ನು ಮಂಚದಡಿಯಿಂದ ತೆಗೆದು, ಗಿರಣಿ ಮಷೀನಿನ ಪಕ್ಕದಲ್ಲೇ ಇಟ್ಟು, ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದಿರಂತೆ. “ನಿಮ್ಮಪ್ಪಗೆ ಮೊದಲಿಂದ ಗೊತ್ತು ಕಣೇ. ಬೀಸಾಕೆ ಕಾಳಿಲ್ದಿದ್ರೂ ಕಲ್ಲು ಎತ್ತಿ ಬರೀ ಗಿರಣಿ ಓಡಿಸ್ತಿದ್ರು. ಯಾಕ್ರೀ ಅಂದ್ರೆ, ಸುಮ್ನಿರು, ಹುಡುಗಿ ನುಡಿಸ್ಕಂತಾಳೆ ಅಂತಿದ್ರು.”

ಇದನ್ನು ಕೇಳಿ ನಾನು ಕರಗುತ್ತೇನೆ ಎಂದುಕೊಂಡಳೋ ಏನೋ. ನನಗೆ ಮೈಯೆಲ್ಲ ಉರಿದುಹೋಯಿತು. ಬರೀ ಗಿರಣಿ ಓಡಿಸುವ ಬದಲು ಒಳಗೆ ಬಂದು “ನುಡಿಸವ್ವಾ” ಅಂದಿದ್ದರೆ ಏನಾಗುತ್ತಿತ್ತು? ಒಂದು ಮಾತು! ನಾನು ನಿಮಗೆ ಹೆದರಿ ಕೂತಿದ್ದೆ. ನೀವು ಆ ಹೆದರಿಕೆಗೆ ಮರೆ ಕಟ್ಟಿ ಕೊಡುತ್ತಿದ್ದಿರಿ. ಅಷ್ಟು ಸದ್ದಿನಲ್ಲಿ ನಿಮಗೇನು ಕೇಳಿಸಿತು? ಏನೂ ಇಲ್ಲ. ಮೊದಲ ಸಲ ಕೇಳಲು ಚನ್ನಗಿರಿಗೆ ಬಂದಿರಿ. ಒಂದೇ ಚರಣ ಸಿಕ್ಕಿತು.

ಈ ಶನಿವಾರ ಸ್ಟಾಫ್ ರೂಮಿನಲ್ಲಿ ಇನ್ನೊಮ್ಮೆ ನುಡಿಸು ಎಂದಿದ್ದಾರೆ ಅಂಜಿನಪ್ಪ ಸರ್. ಹೊನ್ನಾಳಿ ತಪ್ಪಿದರೆ ನಿಮ್ಮಿಂದಲೇ ಎಂದು ಜನ್ಮವಿಡೀ ಅನ್ನುತ್ತೇನೆ. ಸಿಕ್ಕರೂ ಸಿಗದಿದ್ದರೂ ಭಾನುವಾರ ಊರಿಗೆ ಬರುತ್ತೇನೆ. ಅವತ್ತು ಗಿರಣಿ ಬಂದ್ ಮಾಡಿ. ಹಿಟ್ಟಿಗೆ ಬಂದವರು ಕಾಯಲಿ, ಜನ ಏನಂತಾರೋ ಅನ್ನಲಿ. ಗಿರಣಿಯ ಬಾಗಿಲಲ್ಲೇ ಕೊರಳಿಗೆ ಪಟ್ಟಿ ಹಾಕಿ ನಿಂತು ಪೂರ್ತಿ ನುಡಿಸುತ್ತೇನೆ. ನೀವು ಎದುರಿಗೆ ಕೂರಬೇಕು, ಬರಿಗೈಯಲ್ಲಿ.

ಶಿವ ನಿಮ್ಮ ಗಿರಣಿಯನ್ನೂ ಕೈಬೆರಳನ್ನೂ ಕಾಯಲಿ. ನನ್ನ ಸ್ಕ್ರೂ ನಾನು ಕಾಯುತ್ತೇನೆ.

ಸಿಟ್ಟು ಇನ್ನೂ ಇಳಿಯದ ನಿಮ್ಮ ಮಗಳು,
ದಾಕ್ಷಾಯಣಿ