ದಾರದಲ್ಲಿ ಉಳಿದ ಬಳೆಗಳು

ಮಸ್ಕಿ
ಬಹುಧಾನ್ಯ ಸಂವತ್ಸರ, ಭಾದ್ರಪದ ಮಾಸ, ಸೋಮವಾರ

ಪ್ರೀತಿಯ ಮಗಳು ಗದ್ದೆಮ್ಮನಿಗೆ ನಿಮ್ಮವ್ವ ಮಾಡುವ ಆಶೀರ್ವಾದಗಳು.

ಇವತ್ತು ನನ್ನ ಒಪ್ಪತ್ತು. ನಸುಕಿನಲ್ಲೇ ಎದ್ದು ದನದ ಕೊಟ್ಟಿಗೆ ಬಳಿದು, ಅಂಗಳಕ್ಕೆ ಸೆಗಣಿ ನೀರು ಹಾಕಿ, ಗುಡ್ಡ ಹತ್ತಿ ಮಲ್ಲಯ್ಯನಿಗೆ ಹೂವು ಏರಿಸಿ ಬಂದೆ. ಮೊಸರು ಕಡೆದು ನಿಮ್ಮಪ್ಪನಿಗೆ ಬುತ್ತಿ ಕಟ್ಟಿ ಹೊಲಕ್ಕೆ ಕಳಿಸಿದ್ದೂ ಆಯಿತು. ಸಂಜೆಯ ತನಕ ಒಲೆಯ ಮುಂದೆ ಕೆಲಸವಿಲ್ಲ, ಅದಕ್ಕೇ ಬರೆಯಲು ಕುಳಿತೆ. ನಿನ್ನ ಮೈ ಹೇಗಿದೆ? ಹೊಟ್ಟೆ ತುಂಬ ಉಣ್ಣುತ್ತೀಯಾ? ಅಳಿಯಂದಿರು, ಬೀಗರು, ಬೀಗತಿ ಎಲ್ಲರೂ ಕ್ಷೇಮವೇ? ನಿಮ್ಮ ಜವಳಗೇರಾದ ಕಡೆ ಮಳೆ ಚೆನ್ನಾಗಿ ಹಿಡಿದಿದೆ ಎಂದು ಸಂತೆಯಲ್ಲಿ ಕೇಳಿದೆ. ಇಲ್ಲಿ ಸಜ್ಜೆ ತೆನೆ ಹಿಡಿದಿದೆ. ಕೆಂಪು ಆಕಳು ಈದಿದೆ, ಹೆಣ್ಣುಗರು, ಹಣೆಯ ಮೇಲೆ ಬಿಳಿ ಚುಕ್ಕೆ. ನಿಮ್ಮಪ್ಪನ ಮೊಣಕಾಲು ಮೊದಲಿನ ಹಾಗೆಯೇ ಇದೆ, ಅವರ ಹಟವೂ ಮೊದಲಿನ ಹಾಗೆಯೇ ಇದೆ.

ಎರಡು ಪಂಚಮಿ ಕಳೆದವು, ನೀನು ಬರಲಿಲ್ಲ. ಈ ಸಲವೂ ನಿಮ್ಮಪ್ಪ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಹುಡುಗಿಯರು ಜೀಕಿ ಹೋದರು. ಕಳಿಸಿದ ಉಂಡಿ ಮುಟ್ಟಿತೋ ಇಲ್ಲವೋ ಎಂದು ಕೂಡ ನೀನು ತಿಳಿಸಲಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು, ಅದು ಸುಳ್ಳು ಸಿಟ್ಟಲ್ಲ. ಆದರೂ ಈ ಸುದ್ದಿಯೊಂದನ್ನು ನೀನು ನನ್ನಿಂದಲೇ ಕೇಳಬೇಕು. ಮಸ್ಕಿಗೆ ಒಬ್ಬ ಕಲಿತ ಸೂಲಗಿತ್ತಿಯನ್ನು ಕೊಡಬೇಕೋ ಬೇಡವೋ ಎಂದು ಕಳೆದ ಗುರುವಾರ ಲಿಂಗಸುಗೂರಿನ ಬೋರ್ಡಿನಲ್ಲಿ ವಾದ ನಡೆಯಿತು. ನಾನೇ ಹೋಗಿ ಕುಳಿತು ಕೇಳಿ ಬಂದಿದ್ದೇನೆ.

ನೀನು ಬೋರ್ಡು ಕಂಡವಳಲ್ಲ, ನಾನೂ ಕಂಡಿರಲಿಲ್ಲ. ನಾವು ಕಂದಾಯ ಕಟ್ಟುವಾಗ ಅದರ ಮೇಲೆ ಲೋಕಲ್ ಫಂಡ್ ಎಂದು ಒಂದಿಷ್ಟು ಎತ್ತುತ್ತಾರಲ್ಲ, ಅದನ್ನು ಬರುವ ವರ್ಷ ಯಾವ ಊರಿಗೆ ಯಾವ ಕೆಲಸಕ್ಕೆ ಹಾಕಬೇಕೆಂದು ಅಲ್ಲಿ ಮೆಂಬರರು ಕುಳಿತು ಗೊತ್ತು ಮಾಡುತ್ತಾರೆ. ನಮ್ಮ ಮೆಂಬರು ಯಾರೆಂದರೆ ಎದುರು ಮನೆಯ ಹತ್ತಿ ಸಾಹುಕಾರ ವೆಂಕೋಬ. ಎಂಜಲ ಕೈಯಲ್ಲಿ ಕಾಗೆ ಓಡಿಸದವ ಎಂದು ನಾವೆಲ್ಲ ನಗುತ್ತಿದ್ದೆವಲ್ಲ, ಅವನೇ. ಇನ್ನು ಮೇಲೆ ನಾನು ನಗುವುದಿಲ್ಲ. ಅವನ ಬಂಡಿಯಲ್ಲೇ ಹೋದೆವು, ನಾನು ಮತ್ತು ಬಳೆಗಾರ್ತಿ ಕರೀಮಾಬಿ. ಅವಳಿಗೆ ಲಿಂಗಸುಗೂರಿನಲ್ಲಿ ಬಳೆ ತರುವುದಿತ್ತು, ನನಗೆ ಉರ್ದು ತಿಳಿಯದು, ಜೊತೆಗಿದ್ದರೆ ತಿಳಿಸಿ ಹೇಳುತ್ತಾಳೆ ಎಂದು ಕರೆದುಕೊಂಡೆ. ಆದರೆ ಅಲ್ಲಿ ಹೆಚ್ಚಾಗಿ ನಮ್ಮ ಮಾತನ್ನೇ ಆಡಿದರು. ಹೆಂಗಸರಿಗೆ ಪಡಸಾಲೆಯಲ್ಲಿ ಬಿದಿರಿನ ಪರದೆ ಕಟ್ಟಿದ್ದರು. ಅದರ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಒಬ್ಬರು ಎದ್ದು ಮಾತಾಡುವಾಗ ಉಳಿದವರು ಸುಮ್ಮನೆ ಕೇಳುತ್ತಾರೆ ಮಗಳೇ. ನಮ್ಮ ಕಟ್ಟೆಯ ಪಂಚಾಯ್ತಿಯ ಹಾಗೆ ಎಲ್ಲರೂ ಕೂಡಿ ಕೂಗುವುದಿಲ್ಲ. ಮಠದ ಪುರಾಣಕ್ಕೂ ಅಷ್ಟು ಶಾಂತಿಯಿಂದ ಕುಳಿತವರನ್ನು ನಾನು ನೋಡಿಲ್ಲ.

ಇದ್ದ ಹಣ ಒಂದೇ ಕೆಲಸಕ್ಕೆ ಸಾಲುತ್ತಿತ್ತು. ಒಂದೋ ಮಸ್ಕಿಗೆ ಸೂಲಗಿತ್ತಿ, ಇಲ್ಲವೇ ಗುಡ್ಡದ ಬಂಡೆಯ ಮೇಲಿನ ಹಳೆಯ ಅಕ್ಷರ ನೋಡಲು ಬರುವ ಸಾಹೇಬರು ಉಳಿಯುವುದಕ್ಕೆ ಮುಸಾಫಿರ ಬಂಗಲೆ. ಸೂಲಗಿತ್ತಿ ಬೇಕೆಂದು ಕೇಳಿದವ ವೆಂಕೋಬ, ಬಂಗಲೆಯ ಪರವಾಗಿ ಎದ್ದವರು ಜಿಲಾನಿಸಾಬ್ ಎಂಬ ಹಿರಿಯ ಮೆಂಬರು. "ಅಧಿಕಾರಿ ಬಂದು ನಾಕ ದಿನ ಉಳಕೊಂಡ್ರ ರಸ್ತೆ ಅಕ್ಕೈತಿ, ರಸ್ತೆ ಆದ್ರ ದವಾಖಾನಿ ಊರಿಗೆ ಸಮೀಪ ಬಂದಂಗ" ಎಂದರು. ಅದೂ ಸುಳ್ಳು ಮಾತಲ್ಲ. ಆಮೇಲೆ ದಾಖಲೆಯ ಪುಸ್ತಕ ತೆಗೆದು ಓದಿದರು. ಇಡೀ ತಾಲ್ಲೂಕಿನಲ್ಲಿ ಹೆರಿಗೆಯಲ್ಲಿ ಸತ್ತವರು ವರ್ಷಕ್ಕೆ ನಾಲ್ಕು ಮಂದಿ. "ನಾಕ ಮಂದಿ ಸಲುವಾಗಿ ಕಾಯಂ ಪಗಾರ ಕಟ್ಟಾಕ ಬರ್ತೈತೇನ್ರಿ ಸಾಹುಕಾರ? ನೀವು ಹತ್ತಿಬೀಜಾನೂ ಎಣಿಸಿ ಮಾರೋರು, ನೀವ ಹೇಳ್ರಿ" ಎಂದಾಗ ಎಲ್ಲರೂ ನಕ್ಕರು. ವೆಂಕೋಬನೂ ನಕ್ಕ.

ಆಗ ನನ್ನ ಪಕ್ಕದಲ್ಲಿದ್ದ ಕರೀಮಾಬಿ, "ನಾಕಂತ ನಾಕ. ನನ್ನ ದಾರದಾಗ ಇಪ್ಪತ್ತಮೂರ ಅದಾವ" ಎಂದಳು. ನನಗೇ ಹೇಳಿದ್ದು, ಆದರೆ ಹನ್ನೊಂದು ಊರಿನ ಓಣಿಗಳಲ್ಲಿ ಬಳೆ ಕೂಗಿದ ದನಿ, ಅದು ಪಿಸುಮಾತಿಗೆ ಬಗ್ಗುತ್ತದೆಯೇ? ಸಭೆ ನಡೆಸುವ ಸದರ್ ಸಾಹೇಬರು ತಲೆ ಎತ್ತಿದರು. ನಾನು ಹೆದರಿ ಅವಳ ಸೆರಗು ಜಗ್ಗಿದೆ. ಸಾಹೇಬರು ಗದರಲಿಲ್ಲ. ಪರದೆಯ ಆಚೆ ಇರುವ ತಾಯಿ ಏನು ಹೇಳುತ್ತಾರೋ ಸಭೆಗೇ ಹೇಳಲಿ ಎಂದರು.

ನೀನು ಬಸುರಿಯಾಗಿದ್ದಾಗ ಕುಬಸದ ದಿನ ನಿನಗೆ ಹಸಿರು ಬಳೆ ಇಡಿಸಿ, ಅದೇ ಅಳತೆಯ ಒಂದು ಬಳೆಯನ್ನು ಕರೀಮಾಬಿ ತನ್ನ ದಾರಕ್ಕೆ ಪೋಣಿಸಿಕೊಂಡಿದ್ದಳು, ನೆನಪಿದೆಯೇ? ಬುಟ್ಟಿಯಿಂದ ಆ ದಾರ ತೆಗೆದು ಕೈಯಲ್ಲಿ ಹಿಡಿದು ಹೇಳಿದಳು. "ಕುಬಸದ ದಿನ ಅಳತಿಗೆ ಒಂದು ಬಳಿ ಇಟಗೋತೀನ್ರಿ. ತೊಟ್ಟಿಲಕ್ಕ ಕರದ್ರ ಅದ ಅಳತಿಲೆ ಹೊಸಾವು ಒಯ್ದು ಇಡಸ್ತೀನಿ, ದಾರದಾಗಿಂದೂ ಆಕಿ ಕೈಗೇ ಹೋಗ್ತೈತಿ. ಕರೀಲಿಲ್ಲ ಅಂದ್ರ ಅಲ್ಲೇ ಉಳೀತೈತಿ. ಇನ್ನೊಬ್ಬಾಕಿ ಕೈಗೆ ಏರಸಾಕ ಮನಸು ಬರಾಂಗಿಲ್ಲ, ಒಡಿಯಾಕೂ ಬರಾಂಗಿಲ್ಲ. ಎರಡ ವರ್ಷದಾಗ ಉಳದಾವು ಇವು. ತಾಯಿ ಹೋದದ್ದು ಅದಾವ, ಕೂಸು ಹೋದದ್ದು ಅದಾವ, ಎರಡೂ ಹೋದದ್ದೂ ಅದಾವ."

ಹೀಗೆಂದು ದಾರವನ್ನು ಪರದೆಯ ಕೆಳಗಿಂದ ಆಚೆ ಸರಿಸಿದಳು. ಜಿಲಾನಿಸಾಬರೇ ಬಂದು ಬಗ್ಗಿ ಎತ್ತಿಕೊಂಡರು. ಒಂದೊಂದೇ ಬಳೆ ಸರಿಸುತ್ತ ಎಣಿಸಿದರು. ನಡುವೆ ಒಂದು ಬಳೆಗೆ ನಿಂತು, "ಇದೇನವ್ವ, ಸಣ್ಣ ಹುಡುಗೀದು, ಇದರಾಗ ಹೆಂಗ ಬಂತು?" ಎಂದು ಕೇಳಿದರು. ತಪ್ಪಿ ಸೇರಿದೆ ಎಂದುಕೊಂಡಿದ್ದರು. "ಸಣ್ಣ ಹುಡುಗೀದ ರೀ. ಬಳಗಾನೂರಾಕಿ, ಹದಿನಾಕ ವರ್ಷದಾಕಿ" ಎಂದಳು ಕರೀಮಾಬಿ. ಅವರು ಮುಂದೆ ಎಣಿಸಲಿಲ್ಲ. ದಾರವನ್ನು ದಾಖಲೆಯ ಪುಸ್ತಕದ ಮೇಲೆ ಇಟ್ಟು ಕುಳಿತರು. ಪುಸ್ತಕ ಬರೆದವರ ತಪ್ಪು ಎಂದು ನಾನು ಹೇಳಲಾರೆ. ಊರಿನವರು ಹೇಳಿದರಲ್ಲವೇ ಬರೆಯುವುದು? ನಮ್ಮ ಮನೆಯ ಕೂಸು ಹೋದದ್ದನ್ನು ನಾವೂ ಬರೆಸಿರಲಿಲ್ಲ.

ಅದಾದ ಮೇಲೆ ವೆಂಕೋಬ ಎದ್ದ. ಬಂಗಲೆಯನ್ನೂ ಪೂರ್ತಿ ಬಿಡುವುದು ಬೇಡ, ಮೊದಲ ವರ್ಷ ಈ ಹಣದಿಂದ ಸೂಲಗಿತ್ತಿಯನ್ನು ಇಡಿರಿ, ಆಮೇಲೆ ಅವಳ ಪಗಾರಕ್ಕೆ ಮಸ್ಕಿ ಸಂತೆಗೆ ಬರುವ ಬಂಡಿಗಳ ಮೇಲೆ ತೆರಿಗೆ ಹಾಕಿರಿ ಎಂದ. ಇದನ್ನು ಕೇಳಿ ನನಗೇ ನಂಬಿಕೆಯಾಗಲಿಲ್ಲ. ಮಸ್ಕಿಯಲ್ಲಿ ಹೆಚ್ಚು ಬಂಡಿ ಇರುವುದು ಯಾರಿಗೆ? ಅವನಿಗೇ. ಯಾರೋ ಹಿಂದಿನಿಂದ, "ಸಾಹುಕಾರಗ ಬಿಸಲು ತಾಕೈತಿ, ನೀರ ಕೊಡ್ರಿ" ಎಂದರು. ಜಿಲಾನಿಸಾಬರು ಮತ್ತೆ ಎದ್ದರು. ಕಾಳು ಕಟ್ಟಿಗೆ ತರುವ ಬಡವನ ಬಂಡಿಗೂ ತೆರಿಗೆ ಬಿದ್ದರೆ ಅದು ನ್ಯಾಯವಲ್ಲ, ಹತ್ತಿ ಹೇರಿದ ಬಂಡಿಗೆ ಮಾತ್ರ ಹಾಕಿರಿ, ಹಾಗಾದರೆ ನನ್ನ ಕೈ ಮೊದಲು ಏಳುತ್ತದೆ ಎಂದರು. ಹತ್ತಿಯೆಂದರೆ ಪೂರ್ತಿ ವೆಂಕೋಬನ ತಲೆಯ ಮೇಲೆಯೇ. ಅವನು ತಲೆ ಕೆರೆದುಕೊಂಡು, "ಆಗಲ್ರಿ, ಇದನ್ನ ನಮ್ಮನಿಯಾಕಿಗೆ ನೀವ ಬಂದು ಹೇಳ್ಬೇಕ" ಎಂದ. ಹನ್ನೊಂದು ಕೈ ಎದ್ದವು, ಎರಡು ಏಳಲಿಲ್ಲ. ಏಳದವರನ್ನು ಯಾರೂ ಬೈಯಲಿಲ್ಲ. ಒಂದು ಗಳಿಗೆಯ ಹಿಂದೆ ಆಡಿದ ಮಾತನ್ನು ಎಲ್ಲರ ಎದುರಿಗೆ ಬದಲಿಸಿದ ಆ ಹಿರಿಯರ ಮುಖ ಸಣ್ಣದಾಗಲಿಲ್ಲ, ದೊಡ್ಡದಾಗಿ ಕಂಡಿತು. ದೀಪಾವಳಿಯೊಳಗೆ ಸೂಲಗಿತ್ತಿ ಮಸ್ಕಿಗೆ ಬರುತ್ತಾಳೆ. ಬಂಗಲೆ ಒಂದು ವರ್ಷ ಕಾಯುತ್ತದೆ, ಬಂಡೆಯ ಅಕ್ಷರವೇನು ಓಡಿ ಹೋಗುವುದಿಲ್ಲ.

ಇನ್ನೊಂದು ಮಾತು ಇದೆ. ವೆಂಕೋಬ ಸಭೆಯಲ್ಲಿ, "ನಮ್ಮ ಓಣ್ಯಾಗ ದವಾಖಾನಿಗಂತ ಹೂಡಿದ ಎತ್ತು ಮತ್ತ ಬಿಚ್ಚಿದ್ದ ನೋಡೀನ್ರಿ. ಹದಿನೆಂಟ ಮೈಲು ದಾರಿಗೆ ಅಂಜಿ ಬಿಚ್ಚಿದ್ರು" ಎಂದ. ಯಾರ ಮನೆ ಎಂದು ಹೇಳಲಿಲ್ಲ. ಪರದೆಯ ಹಿಂದೆ ನಾನಿದ್ದೇನೆಂದು ಅವನಿಗೆ ಗೊತ್ತಿತ್ತು, ಬಿಚ್ಚಿಸಿದ್ದು ಯಾರು ಎಂಬುದೂ ಗೊತ್ತಿತ್ತು. ನನ್ನ ಮರ್ಯಾದೆ ಕಾಯಲು ದಾರಿಯ ಮೇಲೆ ಹಾಕಿದ. ದಾರಿಯ ತಪ್ಪಲ್ಲ ಮಗಳೇ. ನೀನು ಒಳಗೆ ನರಳುತ್ತಿದ್ದೆ, ನಿಮ್ಮಪ್ಪ ಬಂಡಿ ಹೂಡಿ ನಿಂತಿದ್ದರು, ನಾನು ಗುಡ್ಡದಿಂದ ತಂದ ಅಂಗಾರ ನಿನ್ನ ಹಣೆಗೆ ಹಚ್ಚಿ, ಮಲ್ಲಯ್ಯ ನೋಡಿಕೊಳ್ಳುತ್ತಾನೆ, ಎತ್ತು ಬಿಚ್ಚಿರಿ ಎಂದೆ. ಮಲ್ಲಯ್ಯ ಬಂಡಿ ಬೇಡ ಎಂದಿರಲಿಲ್ಲ. ಬೇಡ ಎಂದವಳು ನಾನು. ಹೋಗುವ ದಿನ ನೀನು, "ನಿನ್ನ ಮಲ್ಲಯ್ಯನ್ನ ನೀನ ಇಟಗೋ ಬೇ" ಎಂದು ಹೇಳಿ ಹೋದೆ. ಇಟ್ಟುಕೊಂಡಿದ್ದೇನೆ. ಒಪ್ಪತ್ತು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನನ್ನ ತಪ್ಪನ್ನು ಅವನ ಹೆಸರಿಗೆ ಹಾಕುವುದನ್ನು ಬಿಟ್ಟಿದ್ದೇನೆ.

ಬೀಗತಿಗೆ ನನ್ನ ಶರಣು ಹೇಳು, ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮಲ್ಲಯ್ಯ ನಿನ್ನ ಒಡಲು ತಂಪಾಗಿಡಲಿ, ನಿನ್ನ ಮನೆಯ ದೀಪ ಸದಾ ಉರಿಯಲಿ.

ಇಂತಿ ನಿಮ್ಮವ್ವ
ಮುದುಕಮ್ಮ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಕೊನೆಗೆ ಉಳಿಸಿಕೊಂಡಿದ್ದೆ. ಕರೀಮಾಬಿಯ ತಂಗಿ ರಾಜಾಬೀ ನಿಮ್ಮೂರಿನಲ್ಲಿ ಬಳೆ ಮಾರುತ್ತಾಳಲ್ಲ, ಪಂಚಮಿಗೆ ನಿನಗೆ ಬಳೆ ಇಡಿಸುವಾಗ ನೋಡಿದಳಂತೆ. ನಿನಗೀಗ ಐದು ತಿಂಗಳು. ನನಗೆ ಹೇಳಲಿಲ್ಲವೆಂದು ಬೇಸರವಿಲ್ಲ. ಹೆರಿಗೆಗೆ ಇಲ್ಲಿಗೆ ಬಾ. ಸೂಲಗಿತ್ತಿ ಇರುತ್ತಾಳೆ, ಅವಳು ಬಂಡಿ ಹೂಡಿರಿ ಎಂದರೆ ನೊಗ ಎತ್ತುವವಳು ನಾನೇ. ಆ ದಾರದಲ್ಲಿ ನಿನ್ನದೂ ಒಂದು ಬಳೆ ಇದೆ, ಸಭೆಯಲ್ಲೇ ಗುರುತು ಹಿಡಿದೆ. ದಾರ ಮರಳಿ ಕೈಗೆ ಬಂದ ಮೇಲೆ ಕೊಡು ಎಂದು ಕೇಳಿದರೆ ಕರೀಮಾಬಿ, "ನಿನಗ್ಯಾಕ? ತೊಟ್ಟಿಲದ ದಿನ ಆಕಿ ಬಂದು ಕೈ ಚಾಚಲಿ" ಎಂದಳು. ಈ ಕಾಗದ ತರುವವಳು ರಾಜಾಬೀಯೇ. ಬರುವ ಶುಕ್ರವಾರ ಮತ್ತೆ ನಿನ್ನ ಬಾಗಿಲಿಗೆ ಬರುತ್ತಾಳೆ. ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ, ಕುಬಸದ ಬಳೆಯ ಅಳತೆಗೆ, ಈಗ ನಿನ್ನ ಕೈಗೆ ಸರಿಯಾಗುವ ಹಳೆಯ ಬಳೆ ಒಂದು ಅವಳ ಕೈಗೆ ಕೊಟ್ಟು ಕಳಿಸು. ಅದು ಬಂದರೆ ನೀನು ಬರುತ್ತೀಯೆಂದು ತಿಳಿಯುತ್ತೇನೆ.